ಬೆಳಿಗ್ಗೆ ಪೆಟ್ರೋಲ್ ಕಾರು ಸ್ಟಾರ್ಟ್ ಆಗೋಕೆ ಸತಾಯಿಸಿದರೆ
ತಕ್ಷಣ ಸೆಲ್ಫ್ ಹೊಡೆಯಬೇಡಿ. ಕೀಯನ್ನು ಆನ್‌ಗೆ ಮಾತ್ರ ತಿರುಗಿಸಿ, ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ಆನ್ ಮಾಡಿದಾಗೆಲ್ಲ ಟ್ಯಾಂಕ್ ಒಳಗಿನ ಪಂಪ್ ಒಂದೆರಡು ಸೆಕೆಂಡ್ ಓಡಿ, ರಾತ್ರಿ ಇಳಿದುಹೋದ ಪೆಟ್ರೋಲ್ ಪ್ರೆಶರ್ ಏರಿಸುತ್ತದೆ. ಹಿಂದಿನ ಸೀಟಿನ ಕಡೆ ಕಿವಿಗೊಟ್ಟರೆ ‘ಗುಂಯ್’ ಅಂತ ಸಣ್ಣ ಸದ್ದು ಕೇಳುತ್ತದೆ. ಸದ್ದೇ ಇಲ್ಲ ಅಂದರೆ ಪಂಪಿನ ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿಸಿ. ಸೆಲ್ಫ್ ಬರೀ ಟಕ್ ಟಕ್ ಅಂದರೆ ಅದು ಬ್ಯಾಟರಿ ಕಥೆ, ಇದರಿಂದ ಉಪಯೋಗವಿಲ್ಲ. ಹಳೇ ಕಾರ್ಬೊರೇಟರ್ ಗಾಡಿಗಂತೂ ಸುಮ್ನೆ ದಂಡ. ದಿನಾ ಹೀಗೇ ಮಾಡಬೇಕಾಗಿ ಬಂದರೆ ಪಂಪಿನ ವಾಲ್ವೋ, ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ ಲೀಕ್ ಇರಬಹುದು. ಮೆಕ್ಯಾನಿಕ್ ಹತ್ತಿರ ಮೊದಲು ಪ್ರೆಶರ್ ಚೆಕ್ ಮಾಡಿಸಿ, ನೇರವಾಗಿ ಹೊಸ ಪಂಪ್ ಹಾಕಿಸಬೇಡಿ.