ಕೈಗೆ ಸಹಿ ಹಾಕುವ ಶಕ್ತಿ ಇರುವಾಗಲೇ ಮುಗಿಸಬೇಕಾದ ಕೆಲಸಗಳು

ಹೋದ ಮಳೆಗಾಲದಲ್ಲಿ ಹಣ ತೆಗೆಯಲು ಬ್ಯಾಂಕಿಗೆ ಹೋಗಿದ್ದೆ. ಚೀಟಿ ವಾಪಸ್ ಬಂತು. ‘ಸಹಿ ಮ್ಯಾಚ್ ಆಗ್ತಿಲ್ಲ ಮೇಡಂ, ಇನ್ನೊಂದ್ಸಲ ಹಾಕಿ.’ ಮೂರು ಸಲ ಹಾಕಿದೆ, ಮೂರೂ ಬೇರೆ ಬೇರೆ. ಸಂಧಿವಾತ ಬಂದು ಹನ್ನೊಂದು ವರ್ಷ, ಬೆಳಗಿನ ಹೊತ್ತು ಬೆರಳು ಬಗ್ಗುವುದೇ ಇಲ್ಲ. ದುಡ್ಡು ನನ್ನದೇ, ಆದರೆ ಬರಿಗೈಲಿ ಮನೆಗೆ ಬಂದೆ.

ಹಾಗಾಗಿ, ಕಾಯಿಲೆಯಿಂದ ಮೈ ಸೋಲುವ ಮುಂಚೆ ಮುಗಿಸಬೇಕಾದ ಮೊದಲ ಕೆಲಸ ಬ್ಯಾಂಕಿನದು. ಖಾತೆಯನ್ನು ನಂಬಿಕೆಯವರ ಜೊತೆ ಜಂಟಿ ಮಾಡಿ, ‘ಇಬ್ಬರಲ್ಲಿ ಯಾರಾದರೂ’ ನಡೆಸಬಹುದು ಅಂತ ಬರೆಸಿ. ನಾಮಿನಿ ಇದ್ದಾರಲ್ಲ ಅಂತ ಸುಮ್ನೆ ಕೂರಬೇಡಿ. ಈಗ ನಾಲ್ವರವರೆಗೆ ನಾಮಿನಿ ಮಾಡಬಹುದು ನಿಜ, ಆದರೆ ಅವರ ಪಾತ್ರ ನಾವು ಹೋದ ಮೇಲೆ. ಹಾಸಿಗೆ ಹಿಡಿದಾಗ ಅವರಿಂದ ಏನೂ ಆಗದು. ಸಹಿಯೇ ಆಗದಿದ್ದರೆ ಹೆಬ್ಬೆಟ್ಟೂ ನಡೆಯುತ್ತದೆ, ಇಬ್ಬರು ಸಾಕ್ಷಿಗಳು ಬೇಕು, ಒಬ್ಬರು ಬ್ಯಾಂಕಿನವರೇ ಇರಬೇಕು. ಇದನ್ನು ಅವತ್ತು ನನಗೆ ಯಾರೂ ಹೇಳಲಿಲ್ಲ.

ಆಮೇಲೆ ಕಷ್ಟಕಾಲಕ್ಕೆ ಇಡುವ ಹಣದ ಲೆಕ್ಕ. ಸಂಬಳದವರಿಗೆ ಆರು ತಿಂಗಳ ಖರ್ಚು ಕೈಯಲ್ಲಿರಲಿ ಅನ್ನುತ್ತಾರೆ. ತೋಟದವರಿಗೆ ಅದು ಸಾಲದು. ನಮಗೆ ದುಡ್ಡು ಬರುವುದೇ ವರ್ಷಕ್ಕೊಮ್ಮೆ, ಕಾಫಿ ಕುಯ್ದು ಮಾರಿದ ಮೇಲೆ. ಮುಂದಿನ ಕುಯ್ಲಿನವರೆಗೆ, ಅಂದರೆ ಒಂದು ವರ್ಷದ್ದು ಬೇಕು. ಮನೆ ಖರ್ಚು, ಔಷಧಿ, ನಿಮ್ಮ ಬದಲು ತೋಟ ನೋಡಿಕೊಳ್ಳುವವರ ಕೂಲಿ, ಜೊತೆಗೆ ಕಾರು ಬಾಡಿಗೆ. ಇದನ್ನು ಎಲ್ಲರೂ ಮರೆಯುತ್ತಾರೆ. ರೈಲಿಲ್ಲದ ಕೊಡಗು ಜಿಲ್ಲೆ ನಮ್ಮದು, ದೊಡ್ಡ ಡಾಕ್ಟರ್ ಬೇಕಂದ್ರೆ ಮೈಸೂರು ಇಲ್ಲವೇ ಮಂಗಳೂರು.

ಆ ಹಣವನ್ನು ಒಂದೇ ದೊಡ್ಡ ಎಫ್‌ಡಿ ಮಾಡಬೇಡಿ. ಜಂಟಿ ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಎರಡು ಮೂರು ತಿಂಗಳಿಗೊಂದು ಮುಗಿಯುವ ಹಾಗೆ ಸಣ್ಣ ಸಣ್ಣದಾಗಿ ಇಡಿ.

‘ತೋಟ ಇದೆಯಲ್ಲ, ಇನ್ನೇನು?’ ಅನ್ನುವವರಿಗೆ ಒಂದು ಮಾತು. ಜಮ್ಮಾ, ಅಂದರೆ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಾಗದ ಪಹಣಿಯಲ್ಲಿ ಬಹಳ ಕಡೆ ಪಟ್ಟೇದಾರರ (ಕುಟುಂಬದ ಮುಖ್ಯಸ್ಥರ) ಹೆಸರು, ಜೊತೆಗೆ ಒಕ್ಕದವರ (ಇಡೀ ಮನೆತನದವರ) ಸಾಲು ಹೆಸರು. ಹಾಗಾಗಿ ಆಸ್ಪತ್ರೆ ಬಿಲ್ ಬಂದ ವಾರ ಅದನ್ನು ದುಡ್ಡು ಮಾಡಲಾಗದು.

ಇನ್ನು ವಿಮೆ. ಆರೋಗ್ಯ ವಿಮೆ ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ. ಈಗಾಗಲೇ ಇರುವ ಕಾಯಿಲೆಯ ಖರ್ಚು ಸಿಗಲು ಕಾಯಬೇಕಾದ ಅವಧಿ ಹೆಚ್ಚೆಂದರೆ 3 ವರ್ಷ, ಹಾಗಾಗಿ ಬೇಗ ಮಾಡಿಸಿದಷ್ಟೂ ಒಳ್ಳೆಯದು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆ ಮಾಡಿಸಿ, ಆದರೆ ಅದು ಅಪಘಾತಕ್ಕೆ ಮಾತ್ರ. ಮರದಿಂದ ಬಿದ್ದು ಕಾಲು ಹೋದರೆ ಕೊಡುತ್ತಾರೆ, ಸಕ್ಕರೆ ಕಾಯಿಲೆಯಿಂದ ಹೋದರೆ ಇಲ್ಲ.

ಅಂಗವೈಕಲ್ಯದ ಸರ್ಟಿಫಿಕೇಟ್ ಅಂದರೆ ಜನ ಮುಖ ತಿರುಗಿಸುತ್ತಾರೆ. ನಾನೂ ತಿರುಗಿಸಿದ್ದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆ ಇವೆ, ಪಾರ್ಕಿನ್ಸನ್ ಹೆಸರೂ ಇದೆ. ಸಂಧಿವಾತದ ಹೆಸರಿಲ್ಲ, ಸಕ್ಕರೆ ಕಾಯಿಲೆಯದೂ ಇಲ್ಲ. ಆದರೆ ಅವುಗಳಿಂದ ಕೀಲು, ಕಣ್ಣು ಎಷ್ಟು ಕೆಟ್ಟಿದೆ ಎನ್ನುವುದನ್ನು ಅಳೆಯುತ್ತಾರೆ. ಬಹುತೇಕ ಸೌಲಭ್ಯಗಳಿಗೆ ಶೇ 40 ಆಗಬೇಕು. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ತಪಾಸಣೆಗೆ ಕರೆದಾಗ ಹಳೇ ಎಕ್ಸ್‌ರೇ, ಚೀಟಿ ಎಲ್ಲ ಒಯ್ಯಿರಿ. ಶೇ 40 ಇದ್ದರೆ ಹಳೇ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯದಿಂದ 75,000 ರೂಪಾಯಿ ಕಳೆಯಬಹುದು, ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1.25 ಲಕ್ಷ. ಒಣಗಿಸಿದ ಕಾಫಿ ಹಾಗೇ ಮಾರುವವರಿಗೆ ಆ ಆದಾಯಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಇದು ಸಂಬಳದವರಿಗೇ ಜಾಸ್ತಿ ಉಪಯೋಗ. ಪಿಎಫ್ ಪಿಂಚಣಿ ಯೋಜನೆಯಲ್ಲಿರುವವರು ಕೆಲಸದಲ್ಲಿದ್ದಾಗಲೇ ಪೂರ್ತಿ, ಶಾಶ್ವತವಾಗಿ ಅಶಕ್ತರಾದರೆ ಹತ್ತು ವರ್ಷದ ಸೇವೆ ತುಂಬಬೇಕಿಲ್ಲ. ಒಂದು ತಿಂಗಳು ಕಟ್ಟಿದ್ದರೂ ಪಿಂಚಣಿಗೆ ಅರ್ಹರು.

ಕಾಗದಗಳೆಲ್ಲ ಒಂದೇ ಫೈಲಿನಲ್ಲಿರಲಿ. ಜುಲೈನಲ್ಲಿ ಬೀರುವಿನೊಳಗೂ ಬೂಸ್ಟು ಹಿಡಿಯುವ ಊರು ನಮ್ಮದು. ನಾನು ಪ್ಲಾಸ್ಟಿಕ್ ಸುತ್ತಿ, ಒಲೆ ಪಕ್ಕದ ಅಟ್ಟದಲ್ಲಿ ಕರಿಮೆಣಸಿನ ಚೀಲದ ಹತ್ತಿರ ಇಟ್ಟಿದ್ದೇನೆ. ಮಗಳಿಗೆ ಜಾಗ ಗೊತ್ತು. ಮನೆಯವರಿಗೆ ಎರಡು ಸಲ ಹೇಳಿದ್ದೇನೆ, ಇನ್ನೊಂದ್ಸಲ ಹೇಳಬೇಕು.