ತಿಂಗಳ ರಜೆ ಬೇಕೆ? ಮೂರು ತಿಂಗಳು ಮೊದಲೇ ಶುರು ಮಾಡಿ

ನಮ್ಮಲ್ಲಿ ನೌಕರಿ ಮಾಡುವವರು ರಜೆಯನ್ನು ಕೂಡಿಡುತ್ತಾರೆ. ಮಗಳ ಮದುವೆಗೆ ಬೇಕಾಗುತ್ತದೆ, ಅಪ್ಪನ ಆಪರೇಷನ್‌ಗೆ ಬೇಕಾಗುತ್ತದೆ, ಏನೂ ಇಲ್ಲದಿದ್ದರೆ ಕೊನೆಗೆ ದುಡ್ಡಾದರೂ ಬರುತ್ತದೆ. ಅದು ತಪ್ಪಲ್ಲ. ಆದರೆ ಈ ಲೆಕ್ಕದಲ್ಲಿ ನಮ್ಮ ವಿಶ್ರಾಂತಿಗೆ ಅಂತ ಒಂದು ದಿನವೂ ಇರುವುದಿಲ್ಲ. ಮೈಗೆ ಹುಷಾರಿಲ್ಲದಾಗ ಮಾತ್ರ ರಜೆ ಎನ್ನುವುದು ರೂಢಿಯಾಗಿಬಿಟ್ಟಿದೆ. ಆರೋಗ್ಯ ಚೆನ್ನಾಗಿರುವಾಗಲೇ ಮೂರು ನಾಲ್ಕು ವಾರ ರಜೆ ಹಾಕಬೇಕು ಎಂಬುದು ನನ್ನ ವಾದ.

ಬಿಡುವಿಲ್ಲದ ದುಡಿಮೆಯ ಬೆಲೆ ಏನು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಹೇಳಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಬರುವ ಅಪಾಯ ಶೇ 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು.

ಹಾಗಾದರೆ ಶನಿವಾರ, ಭಾನುವಾರ ಸಾಲದೆ? ನೆದರ್ಲೆಂಡ್ಸ್‌ನ ಸಂಶೋಧಕರು ಸರಾಸರಿ 23 ದಿನದ ಬೇಸಿಗೆ ರಜೆ ಹಾಕಿದ ನೌಕರರನ್ನು ರಜೆಗೆ ಮೊದಲು, ರಜೆಯಲ್ಲಿ, ರಜೆ ಮುಗಿದ ಮೇಲೆ ಮಾತಾಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಆರೋಗ್ಯ, ಉಲ್ಲಾಸ ಎರಡೂ ಬೇಗನೆ ಏರಿದವು. ಅತಿ ಹೆಚ್ಚು ಇದ್ದದ್ದು ಎಂಟನೇ ದಿನ. ಎರಡು ದಿನದ ಬಿಡುವಿನಲ್ಲಿ ಅಲ್ಲಿಗೆ ತಲುಪಲು ಆಗುವುದಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ: ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಎಲ್ಲವೂ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಆದ್ದರಿಂದ ರಜೆ ಹಾಕುವುದಕ್ಕೆ ಎಷ್ಟು ತಯಾರಿ ಬೇಕೋ, ಮರಳುವುದಕ್ಕೂ ಅಷ್ಟೇ ಬೇಕು.

ಖಾತೆಯಲ್ಲಿ ಎಷ್ಟು ರಜೆ ಇದೆ, ನೋಡಿ

ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ದಿನ ಖಾತೆಗೆ ಸೇರುತ್ತದೆ. 300 ದಿನದವರೆಗೆ ಕೂಡಿಡಬಹುದು. ಆ ಮಿತಿ ಮುಟ್ಟಿದ ಮೇಲೆ ಹೊಸದಾಗಿ ಬಂದದ್ದನ್ನು ಬಳಸದಿದ್ದರೆ ಅದು ಸುಮ್ನೆ ಹೋಗುತ್ತದೆ. ಬೇಸಿಗೆ ಮತ್ತು ದಸರಾ ರಜೆ ಇರುವ ಶಿಕ್ಷಕರ ಲೆಕ್ಕ ಬೇರೆ.

ಖಾಸಗಿ ಕಚೇರಿ, ಅಂಗಡಿಗಳಲ್ಲಿ ದುಡಿಯುವವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ ಪ್ರಕಾರ 20 ದಿನ ಕೆಲಸ ಮಾಡಿದರೆ ಒಂದು ದಿನ ಸಂಬಳದ ರಜೆ. ಕಂಪನಿಯ ನಿಯಮದಲ್ಲಿ ಇದಕ್ಕಿಂತ ಜಾಸ್ತಿ ಇರಬಹುದು, ಕೇಳಿ ತಿಳಿದುಕೊಳ್ಳಿ.

ಐದು ದಿನದ ವಾರ ಇರುವ ಕಡೆ ನಾಲ್ಕು ವಾರಕ್ಕೆ 20 ದಿನದ ರಜೆ ಸಾಕು. ನಡುವೆ ಎರಡು ಹಬ್ಬ ಬಂದರೆ 18. ಆದರೆ ಕೆಲವು ಕಡೆ ನಡುವಿನ ಶನಿವಾರ, ಭಾನುವಾರಗಳನ್ನೂ ರಜೆಗೇ ಹಿಡಿಯುತ್ತಾರೆ. ಸರ್ಕಾರಿ ಗಳಿಕೆ ರಜೆಯಲ್ಲೂ ಹಾಗೇ. ಈ ಮಾತನ್ನು ಅರ್ಜಿ ಕೊಡುವ ಮೊದಲೇ ಎಚ್‌ಆರ್ ಹತ್ತಿರ ಖಚಿತ ಮಾಡಿಕೊಳ್ಳಿ.

ರಜೆ ಸಾಲದಿದ್ದರೆ ಉಳಿಯುವುದು ಸಂಬಳವಿಲ್ಲದ ರಜೆ. ಇಲ್ಲಿ ಅವಸರ ಬೇಡ. ಆ ತಿಂಗಳ ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಎಲ್ಲ ಸೇರಿಸಿ, ಅಷ್ಟನ್ನು ಮೊದಲೇ ಬೇರೆ ಎತ್ತಿಡಿ. ಸಂಬಳ ಇಲ್ಲದ ತಿಂಗಳು ಪಿಎಫ್‌ಗೂ ಹಣ ಹೋಗುವುದಿಲ್ಲ. ಕಂಪನಿಯ ಆರೋಗ್ಯ ವಿಮೆ ಆ ಅವಧಿಯಲ್ಲೂ ಇರುತ್ತದೆಯೇ ಎಂದು ಬರಹದಲ್ಲಿ ಕೇಳಿ. ಮಂಜೂರಾದ ರಜೆ ಹಾಕಿದರೆ ಗ್ರಾಚುಟಿಗೆ ಬೇಕಾದ ಸೇವೆ ಮುರಿಯುವುದಿಲ್ಲ. ‘ಮಂಜೂರಾದ’ ಎಂಬ ಪದ ಮುಖ್ಯ. ಬಾಯಿಮಾತಿನ ಒಪ್ಪಿಗೆ ನಂಬಿ ಹೊರಡಬೇಡಿ.

ತಿಂಗಳು ಆರಿಸಿ, ಆಮೇಲೆ ಕೇಳಿ

ಲೆಕ್ಕಪತ್ರ ನೋಡುವವರಿಗೆ ಮಾರ್ಚ್ ಆಗದು. ವರ್ಷದ ಅಪ್ರೈಸಲ್ ನಡೆಯುವ ವಾರಗಳೂ ಬೇಡ. ಮದುವೆಯ ಸೀಸನ್‌ನಲ್ಲಿ ಹಾಕಿದರೆ ರಜೆಯೆಲ್ಲ ಛತ್ರದಲ್ಲೇ ಕಳೆಯುತ್ತದೆ. ಆಷಾಢದಲ್ಲಿ ಶುಭಕಾರ್ಯಗಳ ಗಲಾಟೆ ಕಡಿಮೆ, ಯೋಚಿಸಿ ನೋಡಿ.

ಮ್ಯಾನೇಜರ್ ಹತ್ತಿರ ಹೋಗುವಾಗ ಬರೀ ಬೇಡಿಕೆ ಇಟ್ಟುಕೊಂಡು ಹೋಗಬೇಡಿ. ತಾರೀಕು, ಯಾವ ಕೆಲಸ ಯಾರು ನೋಡಿಕೊಳ್ಳುತ್ತಾರೆ, ಯಾವುದು ನಿಮಗಾಗಿ ಕಾಯಬಹುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. “ಸರ್, ಜುಲೈನಲ್ಲಿ ನಾಲ್ಕು ವಾರ ರಜೆ ಬೇಕು. ಕೆಲಸ ನಿಲ್ಲದ ಹಾಗೆ ಹೀಗೆ ಹಂಚಿದ್ದೇನೆ, ಒಮ್ಮೆ ನೋಡಿ” ಎಂದರೆ ಮಾತು ಮುಂದೆ ಸಾಗುತ್ತದೆ. ಸುಳ್ಳು ಕಾರಣ ಹೇಳಬೇಡಿ. ಅಜ್ಜಿಗೆ ಹುಷಾರಿಲ್ಲ ಎಂದು ಹೇಳಿ ಹೋದವರು ರಜೆಯುದ್ದಕ್ಕೂ ಆ ಸುಳ್ಳನ್ನು ಕಾಯಬೇಕಾಗುತ್ತದೆ.

“ನೀವಿಲ್ಲದೆ ಆಗಲ್ಲ” ಎಂದು ಮೇಲಿನವರು ಹೇಳಿದರೆ ಬ್ಯಾಂಕುಗಳ ಉದಾಹರಣೆ ಕೊಡಿ. ಬ್ಯಾಂಕಿನ ಸೂಕ್ಷ್ಮ ಹುದ್ದೆಗಳಲ್ಲಿ ಇರುವವರಿಗೆ ವರ್ಷಕ್ಕೊಮ್ಮೆ ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ ರಜೆ ಕೊಟ್ಟು ಕಳಿಸಲೇಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಸೂಚಿಸಿತು. ಅದೂ ಮುನ್ಸೂಚನೆ ಇಲ್ಲದೆ. ಆ ನಿಯಮ ಬಂದದ್ದು ಮೋಸ ತಡೆಯಲು, ನಿಜ. ಆದರೆ ಅಷ್ಟು ಜವಾಬ್ದಾರಿಯ ಮೇಜು ದಿಢೀರನೆ ಖಾಲಿಯಾದರೂ ಬ್ಯಾಂಕಿನ ಕೆಲಸ ನಡೆಯುತ್ತದೆ ಅಲ್ವಾ? ಮೂರು ತಿಂಗಳು ಮೊದಲೇ ಹೇಳಿ ಹೋಗುವವರ ಕೆಲಸ ಯಾಕೆ ನಡೆಯಬಾರದು?

ಕೆಲಸವನ್ನು ನಿಜವಾಗಿ ಒಪ್ಪಿಸಿ

ಕಚೇರಿಗೆ ಹೆಚ್ಚು ಲಾಭ ಆಗುವುದು ಈ ಹಂತದಲ್ಲಿ. ನಮ್ಮ ತಲೆಯಲ್ಲಿ ಮಾತ್ರ ಇರುವ ಎಷ್ಟೋ ವಿಷಯ ಕಾಗದಕ್ಕೆ ಇಳಿಯುತ್ತದೆ. ಯಾವ ಫೈಲ್ ಎಲ್ಲಿದೆ, ಯಾವ ಗ್ರಾಹಕರು ಯಾವ ಮಾತಿಗೆ ಬೇಸರ ಮಾಡಿಕೊಳ್ಳುತ್ತಾರೆ, ಯಾವ ಬಿಲ್ಲಿಗೆ ಯಾರ ಸಹಿ ಬೇಕು, ಎಲ್ಲ ಬರೆಯಿರಿ. ರಜೆಗೆ ಎರಡು ವಾರ ಇರುವಾಗಲೇ ಕೆಲಸ ಒಪ್ಪಿಸಿ, ಆ ಎರಡು ವಾರ ನೀವು ಪಕ್ಕದಲ್ಲಿ ಕೂತು ನೋಡಿ. ಎಡವುವುದೇನಿದ್ದರೂ ನೀವಿರುವಾಗಲೇ ಗೊತ್ತಾಗಲಿ. ಕೊನೆಯ ಸಂಜೆ ಗಡಿಬಿಡಿಯಲ್ಲಿ ಹೇಳಿ ಹೋದರೆ ಮೂರನೇ ದಿನವೇ ಫೋನ್ ಬರುತ್ತದೆ.

ನಿಮ್ಮ ಕೆಲಸ ಹೊತ್ತವರ ಕಷ್ಟವನ್ನೂ ನೋಡಿ. ಅವರ ಮಾಮೂಲಿ ಕೆಲಸದಲ್ಲಿ ಏನು ಕಡಿಮೆಯಾಗುತ್ತದೆ ಎಂದು ಮ್ಯಾನೇಜರ್ ಮುಂದೆಯೇ ಮಾತಾಡಿ. ಅವರು ರಜೆ ಹಾಕಿದಾಗ ನೀವು ಹೊರಲು ತಯಾರಿರಬೇಕು.

ಫೋನ್

ಸಂಬಳ ಕೊಡುವವರು ರಜೆ ಕೊಟ್ಟರೂ ಫೋನಿನಿಂದ ಬಿಡುಗಡೆ ಕೊಡುವುದಿಲ್ಲ. ಆಫೀಸಿನ ಮೇಲ್ ಆ್ಯಪ್ ತೆಗೆಯಿರಿ. ಟೀಮಿನ ವಾಟ್ಸಾಪ್ ಗ್ರೂಪಿನಿಂದ ಹೇಳಿಯೇ ಹೊರಬನ್ನಿ. ಸದ್ದು ಅಡಗಿಸಿದರೆ ಸಾಕು ಎನ್ನುತ್ತಾರೆ, ನನಗೆ ನಂಬಿಕೆಯಿಲ್ಲ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ನಿಜವಾದ ತುರ್ತು ಇದ್ದರೆ ಒಬ್ಬರೇ ಒಬ್ಬರು, ಕರೆಯನ್ನೇ ಮಾಡಲಿ, ಮೆಸೇಜ್ ಬೇಡ. ಕರೆ ಮಾಡಲು ಸಂಕೋಚವಾಗುವಂಥ ವಿಷಯ ತುರ್ತಿನದ್ದಲ್ಲ.

ಇದಕ್ಕೆ ಆಧಾರ ಇದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೀರ್ಘ ರಜೆ ಪಡೆದ 129 ಅಧ್ಯಾಪಕರನ್ನು, ರಜೆ ಪಡೆಯದ ಅವರಂಥದ್ದೇ 129 ಜನರ ಜೊತೆ ಹೋಲಿಸಿದರು. ರಜೆ ಪಡೆದವರ ನೆಮ್ಮದಿ ಏರಿತು, ಇನ್ನೊಂದು ಗುಂಪಿನದ್ದು ಏರಲಿಲ್ಲ. ರಜೆ ಪಡೆದವರಲ್ಲೂ ಮನಸ್ಸನ್ನು ಕೆಲಸದಿಂದ ಹೆಚ್ಚು ಬಿಡಿಸಿಕೊಂಡವರಿಗೆ, ತಮ್ಮ ಸಮಯ ತಮ್ಮ ಕೈಯಲ್ಲೇ ಇದ್ದವರಿಗೆ ಲಾಭ ಜಾಸ್ತಿ.

ಮೊದಲ ವಾರ ಖಾಲಿ ಬಿಡಿ, ಮನೆಗೆಲಸ ಹಂಚಿ

ಮೊದಲ ವಾರಕ್ಕೆ ಯಾವ ಯೋಜನೆಯೂ ಬೇಡ. ನಿದ್ದೆ ಬಂದಾಗ ಮಲಗಿ. ಒಂಥರಾ ಕಸಿವಿಸಿ, ಬೇಸರ ಆಗಬಹುದು, ಆಗಲಿ ಬಿಡಿ. ಎರಡನೇ ವಾರದಿಂದ ಕೆಲಸಕ್ಕೆ ಸಂಬಂಧವೇ ಇಲ್ಲದ ಒಂದನ್ನು ಹಿಡಿಯಿರಿ: ಈಜು, ತಬಲಾ, ಊರಿನ ತೋಟ, ಅಮ್ಮನ ಜೊತೆ ಪಾತ್ರೆಗಟ್ಟಲೆ ಉಪ್ಪಿನಕಾಯಿ. ದೂರದ ಪ್ರವಾಸ ಮಾಡಲೇಬೇಕೆಂದಿಲ್ಲ. ದಿನಕ್ಕೆ ನಾಲ್ಕು ದೇವಸ್ಥಾನ, ಎರಡು ಜಲಪಾತ ಎಂದು ಓಡಿದರೆ ಅದೂ ಡ್ಯೂಟಿಯೇ.

ಹೆಂಗಸರ ವಿಷಯದಲ್ಲಿ ನನಗೆ ಸಿಟ್ಟು ಬರುತ್ತದೆ. “ಹೇಗೂ ಮನೆಯಲ್ಲೇ ಇದ್ದೀಯಲ್ಲ” ಎಂಬ ಒಂದೇ ಮಾತಿನಲ್ಲಿ ಅವರ ರಜೆ ಅಡುಗೆಮನೆಗೆ ಸೇರುತ್ತದೆ. ಮೂರು ಹೊತ್ತಿನ ತಿಂಡಿ ಊಟ, ಅಟ್ಟ ಸ್ವಚ್ಛ ಮಾಡುವುದು, ಮಕ್ಕಳ ಪ್ರಾಜೆಕ್ಟ್, ಅತ್ತೆ ಮಾವನ ಆಸ್ಪತ್ರೆ ಓಡಾಟ. ಆಫೀಸಿನ ಕೆಲಸ ಒಪ್ಪಿಸಿದ ಹಾಗೆಯೇ ಮನೆಯ ಕೆಲಸವನ್ನೂ ಒಪ್ಪಿಸಿ. ಬೆಳಗಿನ ತಿಂಡಿ ಯಾರದು, ಬಟ್ಟೆ ಯಾರದು ಎಂದು ರಜೆ ಶುರುವಾಗುವ ಮೊದಲೇ ಗಂಡ, ಮಕ್ಕಳ ಜೊತೆ ಕೂತು ಮಾತಾಡಿ. ಸಾಧ್ಯವಿದ್ದರೆ ಕೆಲವು ದಿನ ಒಬ್ಬರೇ ಎಲ್ಲಾದರೂ ಹೋಗಿಬನ್ನಿ. ಇದಕ್ಕೆ ಯಾರಿಗೂ ಕಾರಣ ಹೇಳಿ ಒಪ್ಪಿಸಬೇಕಾಗಿಲ್ಲ.

ಇನ್ನೊಂದು ಮಾತು. ಒಂದು ವಾರ ಬಿಡುವು ಸಿಕ್ಕಿದ ಮೇಲೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಎನಿಸುತ್ತಿದ್ದರೆ ರಜೆಯೊಂದೇ ಪರಿಹಾರವಲ್ಲ. 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮರಳುವುದು

ಊರಿಗೆ ಹೋಗಿದ್ದರೆ ಕೆಲಸಕ್ಕೆ ಎರಡು ದಿನ ಮೊದಲೇ ಬನ್ನಿ. ಭಾನುವಾರ ರಾತ್ರಿಯ ಬಸ್ಸಿಳಿದು ಸೋಮವಾರ ಬೆಳಿಗ್ಗೆ ನೇರ ಆಫೀಸಿಗೆ ಹೋಗುವುದು ನಮ್ಮವರ ಅಭ್ಯಾಸ. ಅದರಿಂದ ತಿಂಗಳ ಆರಾಮ ಒಂದೇ ದಿನಕ್ಕೆ ಕರಗುತ್ತದೆ. ಸಾಧ್ಯವಾದರೆ ಬುಧವಾರ ಕೆಲಸಕ್ಕೆ ಸೇರಿ, ಮೂರೇ ದಿನಕ್ಕೆ ವಾರಾಂತ್ಯ ಬರುತ್ತದೆ. ಮೊದಲ ದಿನ ಮೀಟಿಂಗ್ ಇಟ್ಟುಕೊಳ್ಳಬೇಡಿ. ಕೆಲಸ ನೋಡಿಕೊಂಡವರ ಜೊತೆ ಒಂದು ಗಂಟೆ ಕೂತರೆ ಮುಕ್ಕಾಲು ಭಾಗ ಮೇಲ್ ಓದುವ ಅಗತ್ಯವೇ ಇರುವುದಿಲ್ಲ. ಉಳಿದದ್ದನ್ನು ಹೊಸದರಿಂದ ಹಳೆಯದಕ್ಕೆ ಓದಿ.

ನೀವಿಲ್ಲದಾಗ ಬೇರೆಯವರು ಚೆನ್ನಾಗಿ ನಿಭಾಯಿಸಿದ ಕೆಲಸವನ್ನು ಪೂರ್ತಿ ವಾಪಸ್ ತೆಗೆದುಕೊಳ್ಳಬೇಡಿ. ಒಂದೆರಡನ್ನು ಅವರ ಹತ್ತಿರವೇ ಬಿಡಿ, ಅವರಿಗೆ ಆ ಹೆಸರೂ ಸಿಗಲಿ. ರಾತ್ರಿ ಎಂಟರ ಮೇಲೆ ಮೇಲ್ ನೋಡದ ಅಭ್ಯಾಸ ರಜೆಯಲ್ಲಿ ಆಗಿದ್ದರೆ ಅದನ್ನು ಮುಂದುವರಿಸಿ. ಮೊದಲ ವಾರ ಮುಗಿಯುವುದರೊಳಗೆ ಮುಂದಿನ ಸಣ್ಣ ರಜೆಗೂ ಅರ್ಜಿ ಹಾಕಿ. ಮೂರು ತಿಂಗಳ ಆಚೆಗೆ, ನಾಲ್ಕು ದಿನ ಆದರೂ ಸರಿ.