ಪ್ರೋಟಾನ್ ಬೀಮಿನ ಆಕಾರ ಕೂಡಿಬರುವುದು ಹಾಳೆಯ ಬೆನ್ನಿನಲ್ಲಿ

ತೆಳು ಲೋಹದ ಹಾಳೆಗೆ (ಅದೇ ಟಾರ್ಗೆಟ್) ಬಲವಾದ ಲೇಸರ್ ಪಲ್ಸ್ ಹೊಡೆದು ಪ್ರೋಟಾನ್ ಬೀಮು ಹೊರಡಿಸುವುದು ನಮ್ಮ ಕೆಲಸ. ಅಳೆಯುವ ಫಿಲ್ಮಿನ ಮೇಲೆ ಆ ಬೀಮು ಸೊಟ್ಟಗೆ, ಚಿಂದಿಚಿಂದಿಯಾಗಿ ಕಂಡರೆ ನಾವು ಮೊದಲು ಮ್ಯಾಗ್ನೆಟ್ ಮುಟ್ಟುವುದಿಲ್ಲ, ಟಾರ್ಗೆಟ್ ಹಾಳೆ ನೋಡುತ್ತೇವೆ. ಪ್ರೋಟಾನುಗಳು ಹೊರಡುವುದು ಹಾಳೆಯ ಹಿಂಬದಿಗೆ ತಾನಾಗಿಯೇ ಅಂಟಿರುವ, ಕೆಲವೇ ನ್ಯಾನೋಮೀಟರ್ ದಪ್ಪದ ನೀರು-ಎಣ್ಣೆಯ ಪದರದಿಂದ. ಲೇಸರ್ ಮುಂಬದಿಯಲ್ಲಿ ಕಾಯಿಸಿದ ಎಲೆಕ್ಟ್ರಾನುಗಳು ಹಾಳೆಯನ್ನು ತೂರಿ ಹಿಂದೆ ಬಂದು, ಅಲ್ಲಿ ಮೀಟರಿಗೆ ಲಕ್ಷ ಕೋಟಿ ವೋಲ್ಟ್ ಪ್ರಮಾಣದ ಕ್ಷೇತ್ರ ಕಟ್ಟುತ್ತವೆ. ಆ ಕ್ಷೇತ್ರ ಮೇಲ್ಮೈಗೆ ಲಂಬವಾಗಿರುತ್ತದೆ. ಮೇಲ್ಮೈ ಡೊಂಕಾದರೆ ಬೀಮೂ ಡೊಂಕು.

ನಾವು ಹೆಚ್ಚಾಗಿ ಬಳಸುವುದು 10 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಅಥವಾ ಚಿನ್ನದ ಹಾಳೆ. 2 ಮಿ.ಮೀ. ರಂಧ್ರಗಳಿರುವ ಎರಡು ಫಲಕಗಳ ನಡುವೆ ಅದನ್ನು ಹಿಡಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತೇವೆ. ಒಂದೇ ಕಡೆಯಿಂದ ಬಿಗಿದರೆ ಸುಕ್ಕು ಬೀಳುತ್ತದೆ. ರೋಲರಿನಲ್ಲಿ ತೆಳುಮಾಡಿದ ಹಾಳೆಯ ಗೀರುಗಳೂ ಬೀಮಿನಲ್ಲಿ ಪಟ್ಟೆಗಳಾಗಿ ಮೂಡಬಲ್ಲವು, ಹಾಗಾಗಿ ಹೊಳಪಿನ ಬದಿ ಹಿಂದಕ್ಕೆ ಇರಲಿ. ಪ್ಲಾಸ್ಟಿಕ್ ಹಾಳೆ ಬೇಡ. ವಿದ್ಯುತ್ ಹರಿಯದ ವಸ್ತುವಿನಲ್ಲಿ ಎಲೆಕ್ಟ್ರಾನ್ ಪ್ರವಾಹ ಎಳೆಎಳೆಯಾಗಿ ಒಡೆದು, ಬೀಮೂ ಒಡೆಯುತ್ತದೆ.

ಹೆಚ್ಚಿನ ತೊಂದರೆಯ ಮೂಲ ಮಾತ್ರ ಮುಖ್ಯ ಪಲ್ಸಿಗೂ ಮುಂಚೆ ಬರುವ ಬೆಳಕು. ಶಿಖರದ ತೀವ್ರತೆ ಚದರ ಸೆಂ.ಮೀ.ಗೆ 10²⁰ ವ್ಯಾಟ್ ಇದ್ದು ಕಾಂಟ್ರಾಸ್ಟ್ (ಶಿಖರವು ಮುಂಚಿನ ಬೆಳಕಿಗಿಂತ ಎಷ್ಟು ಪಟ್ಟು ತೀವ್ರ ಎಂಬುದು) 10⁸ ಇದ್ದರೆ, ಮುಂಚಿನ ಬೆಳಕೇ 10¹² ವ್ಯಾಟ್ ಆಯಿತು. ಲೋಹವನ್ನು ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನುಗಳು ಬಿಡಿಯಾದ ಕಾದ ಅನಿಲ ಮಾಡಲು ಅಷ್ಟು ಸಾಕು. ಆಗ ಎದ್ದ ಆಘಾತ ತರಂಗ ನ್ಯಾನೋಸೆಕೆಂಡಿಗೆ 6ರಿಂದ 10 ಮೈಕ್ರಾನ್ ಸಾಗುತ್ತದೆ. ಎರಡು ನ್ಯಾನೋಸೆಕೆಂಡ್ ಸಿಕ್ಕರೆ ನಮ್ಮ ಹಾಳೆಯ ಬೆನ್ನು ಉಬ್ಬಿರುತ್ತದೆ. ಲೇಸರ್ ಓರೆಯಾಗಿ ಬೀಳುವ ಜೋಡಣೆಯಲ್ಲಿ ಇದರ ಗುರುತು ಸ್ಪಷ್ಟ: ಬೀಮು ಹಾಳೆಯ ಲಂಬವನ್ನು ಬಿಟ್ಟು ಲೇಸರ್ ಸಾಗುವ ದಿಕ್ಕಿಗೆ ವಾಲುತ್ತದೆ, ಹೆಚ್ಚು ಶಕ್ತಿಯ ಪ್ರೋಟಾನುಗಳು ಹೆಚ್ಚು ವಾಲುತ್ತವೆ. ಮುಂಚಿನ ಬೆಳಕನ್ನು ತಡೆಯುವ ವಿದ್ಯುತ್ ಕವಾಟವಾದ ಪಾಕೆಲ್ಸ್ ಸೆಲ್ಲಿನ ಟೈಮಿಂಗ್ ಸರಿಮಾಡಿಯೂ ವಾಲುವುದು ನಿಲ್ಲದಿದ್ದರೆ ಪ್ಲಾಸ್ಮಾ ಮಿರರ್ ಹಾಕುತ್ತೇವೆ: ಮುಂಚಿನ ಬೆಳಕನ್ನು ಹಾಯಗೊಟ್ಟು, ಮುಖ್ಯ ಪಲ್ಸ್ ಬಂದಾಗ ಮಾತ್ರ ಮೇಲ್ಮೈ ಪ್ಲಾಸ್ಮಾ ಆಗಿ ಅದನ್ನು ಪ್ರತಿಫಲಿಸುವ ಗಾಜು. ಕಾಂಟ್ರಾಸ್ಟ್ ಸುಮಾರು ನೂರು ಪಟ್ಟು ಸುಧಾರಿಸುತ್ತದೆ, ಬದಲಿಗೆ ಕಾಲುಭಾಗದಷ್ಟು ಶಕ್ತಿ ಹೋಗುತ್ತದೆ. ಪ್ರತಿ ಶಾಟಿಗೂ ಗಾಜಿನ ಹೊಸ ಜಾಗ ಎದುರಿಗಿರಬೇಕು.

ಅಳೆಯಲು, ವಿಕಿರಣ ತಗುಲಿದರೆ ಬಣ್ಣ ಬದಲಿಸುವ ರೇಡಿಯೋಕ್ರೋಮಿಕ್ ಫಿಲ್ಮುಗಳ ಕಟ್ಟನ್ನು ಟಾರ್ಗೆಟಿನಿಂದ 5 ಸೆಂ.ಮೀ. ಹಿಂದೆ ಇಡುತ್ತೇವೆ. ಬೀಮು ಹರಡುವ ಅರ್ಧಕೋನ 25 ಡಿಗ್ರಿ ಇದ್ದರೆ ಬೀಮಿನ ತ್ರಿಜ್ಯ ಅಲ್ಲಿ 23 ಮಿ.ಮೀ., ಅಂದರೆ 5 ಸೆಂ.ಮೀ. ಚೌಕದ ಫಿಲ್ಮು ಕಷ್ಟಪಟ್ಟು ಸಾಕಾಗುತ್ತದೆ. ಮುಂದೆ ತೆಳು ಅಲ್ಯೂಮಿನಿಯಂ ಹೊದಿಕೆ, ಪ್ರತಿ ಫಿಲ್ಮಿನ ಒಂದೇ ಮೂಲೆಗೆ ಕಚ್ಚು. ಬಣ್ಣ ತಾಸುಗಟ್ಟಲೆ ಗಾಢವಾಗುತ್ತಲೇ ಇರುವುದರಿಂದ ಸ್ಕ್ಯಾನ್ 24 ಗಂಟೆ ಬಿಟ್ಟು, ಎಲ್ಲವನ್ನೂ ಒಂದೇ ದಿಕ್ಕಿನಲ್ಲಿಟ್ಟು.

ಹಾಳೆಯ ಬೆನ್ನಿಗೆ 10 ಮೈಕ್ರಾನ್ ಅಂತರದಲ್ಲಿ, ಮೈಕ್ರಾನಿಗೂ ಕಡಿಮೆ ಆಳದ ಗೀರುಗಳನ್ನು ಬೇಕೆಂದೇ ಕೊರೆಸುವುದು ನನಗೆ ಬಹಳ ಹಿಡಿಸಿದ ಉಪಾಯ. ಅವು ಫಿಲ್ಮಿನಲ್ಲಿ ಗೆರೆಗಳಾಗಿ ದೊಡ್ಡದಾಗಿ ಕಾಣುತ್ತವೆ. ಶಕ್ತಿ ಹೆಚ್ಚಿದಷ್ಟೂ ಪ್ರೋಟಾನು ಫಿಲ್ಮಿನ ಕಟ್ಟಿನ ಒಳಪದರಗಳಿಗೆ ತಲುಪುತ್ತದೆ; ಒಂದು ಪದರದಲ್ಲಿ ಎಂಟು ಗೆರೆ ಎಣಿಸಿದರೆ ಆ ಶಕ್ತಿಯ ಪ್ರೋಟಾನುಗಳು ಸುಮಾರು 80 ಮೈಕ್ರಾನ್ ಅಗಲದಿಂದ ಹೊರಟಿವೆ. ಒಳಪದರಗಳಿಗೆ ಹೋದಂತೆ ಗೆರೆ ಕಡಿಮೆಯಾಗುತ್ತವೆ. ಗೆರೆ ಬಾಗಿದ್ದರೆ ಎಲೆಕ್ಟ್ರಾನ್ ಮೋಡವೇ ಒಂದು ಕಡೆಗೆ ಭಾರವಾಗಿದೆ ಎಂದರ್ಥ. ಲೇಸರಿನ ಫೋಕಸ್ ಬಿಂದು ದುಂಡಗಿದೆಯೇ ಎಂದು ಮೊದಲು ನೋಡಿ.

ಬೀಮನ್ನು ಒಂದೆಡೆ ಕೂಡಿಸಬೇಕಾದರೆ ಅರ್ಧಗೋಳದ ಹಾಳೆ, ಒಳಬದಿಯಿಂದ ಪ್ರೋಟಾನು. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 320 ಮೈಕ್ರಾನ್ ವ್ಯಾಸದ ಅಲ್ಯೂಮಿನಿಯಂ ಅರ್ಧಗೋಳದಿಂದ ಸುಮಾರು 50 ಮೈಕ್ರಾನಿಗೆ ಕೂಡಿಸಿ ತೋರಿಸಿದ್ದಾರೆ. ಮಧ್ಯದಲ್ಲಿ ಕ್ಷೇತ್ರ ಬಲವಾಗಿದ್ದು ಪ್ಲಾಸ್ಮಾ ತಾನೇ ಹೊರಕ್ಕೆ ಉಬ್ಬುವುದರಿಂದ, ಬೀಮು ಕೂಡುವ ಜಾಗವನ್ನು ಗೋಳದ ಕೇಂದ್ರದಲ್ಲಷ್ಟೇ ಅಲ್ಲ, ಅದರಾಚೆಗೂ ಹುಡುಕಬೇಕು.

ಇಷ್ಟೆಲ್ಲ ಆದ ಮೇಲೆ ಸೊಲೆನಾಯ್ಡ್, ಅಂದರೆ ಬೀಮನ್ನು ಮಸೂರದಂತೆ ಕೂಡಿಸುವ ಸುರುಳಿ ಮ್ಯಾಗ್ನೆಟ್. ಅದರ ಫೋಕಲ್ ದೂರ ಸಂವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: 10 ಸೆಂ.ಮೀ. ಉದ್ದ, 6 ಟೆಸ್ಲಾ ಇದ್ದರೆ 10 ಎಂಇವಿ (ಒಂದು ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ) ಪ್ರೋಟಾನಿಗೆ 23 ಸೆಂ.ಮೀ., 20 ಎಂಇವಿಗೆ 47. ಟಾರ್ಗೆಟನ್ನು 23 ಸೆಂ.ಮೀ. ದೂರದಲ್ಲಿಟ್ಟರೆ 10 ಎಂಇವಿಯವು ಮಾತ್ರ ಸಮಾನಾಂತರವಾಗಿ ಹೊರಬರುತ್ತವೆ. ಉಳಿದವನ್ನು ಮುಂದೊಂದು ಕಿಂಡಿಯಿಟ್ಟು ತಡೆಯುತ್ತೇವೆ.